ಎರಡು ಕಾರಿಗೊಂದು ಕಾರ್ಬ್ಯುರೇಟರ್

ಕೊಯ್ಲು ಮುಗಿದು ಬಿಸಿಲು ಬಲಿಯತೊಡಗಿತ್ತು. ಅವಳು ಕಣದ ಮೂಲೆಯಲ್ಲಿ ಹುಲ್ಲಿನ ಹೊರೆ ಕಟ್ಟುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ದನಗಳು ತಿನ್ನುವುದನ್ನು ಬಿಟ್ಟಿರಲಿಲ್ಲ, ಅವಳೂ ಕೆಲಸ ಬಿಟ್ಟಿರಲಿಲ್ಲ. ಅತ್ತಿರಲೂ ಇಲ್ಲ. ಊರಿನವರು ಅದನ್ನು ಗಮನಿಸಿದ್ದರು. ಅವಳಿಗೂ ತನ್ನ ಬಗ್ಗೆ ಅದೊಂದೇ ಭಯ.

ಗಿರಣಿಯವನು ಬಂದು ಗಂಟಲು ಸರಿಮಾಡಿಕೊಂಡ. ಗಂಡನ ಗೆಳೆಯ. ಇಬ್ಬರದೂ ಓಬೀರಾಯನ ಕಾಲದ ಒಂದೇ ಜಾತಿಯ ಕಾರು. ಎಂಜಿನ್ನಿಗೆ ಪೆಟ್ರೋಲು ಉಣಿಸುವ ಸರಿಯಾದ ಕಾರ್ಬ್ಯುರೇಟರ್ ಮಾತ್ರ ಎರಡಕ್ಕೂ ಸೇರಿ ಒಂದೇ. ಇನ್ನೊಂದು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಹಳೇ ಕಾರುಗಳ ಸಂಘ ವರ್ಷಕ್ಕೊಮ್ಮೆ ಪೇಟೆಯ ಮೈದಾನದಲ್ಲಿ ಸೇರುತ್ತಿತ್ತು. ತಾನಾಗಿ ಓಡಿ ಬಂದ ಕಾರಿಗಷ್ಟೇ ಸಾಲಿನಲ್ಲಿ ಜಾಗ. ತಳ್ಳಿಸಿಕೊಂಡು ಬಂದದ್ದು ಬೇಲಿಯಾಚೆ. ಹಾಗಾಗಿ ಒಂದು ವರ್ಷ ಇವರ ಕಾರು, ಮರುವರ್ಷ ಅವನದು. ಈ ಸಲ ಅವನ ಸರದಿ.

“ಅತ್ತಿಗೆ, ಈ ವರ್ಷವೂ ಅಣ್ಣನ ಕಾರೇ ಹೋಗ್ಲಿ. ನಾನು ಓಡಿಸ್ತೀನಿ.”

“ಸರದಿ ನಿಮ್ಮದಲ್ವಾ?”

“ಸರದಿ ಎಲ್ಲಿ ಓಡಿಹೋಗುತ್ತೆ?”

“ನಿಮ್ಮ ಕಾರೂ ಹಾಗೇ, ಎಲ್ಲೂ ಓಡಲ್ಲ ಅಂತಿದ್ರು ಅವರು.”

ಅವನು ನಕ್ಕುಬಿಟ್ಟ, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದ. “ಸರದಿ ಅಂದ್ಮೇಲೆ ಸರದಿ,” ಎಂದು ಅವಳು ಸ್ಪ್ಯಾನರ್ ತಂದುಕೊಟ್ಟಳು. ಗಂಡನ ಕಾರಿನಿಂದ ಕಾರ್ಬ್ಯುರೇಟರ್ ಬಿಚ್ಚಿಕೊಂಡು, “ನೀವೂ ಬನ್ನಿ” ಎಂದ. ಒಲ್ಲೆ ಎನ್ನಲೂ ತೋಚದೆ ಮರುದಿನ ಅವನ ಕಾರಿನಲ್ಲಿ ಕೂತಳು.

ಮೈದಾನದ ಗೇಟು ಕಾಣುವಷ್ಟರಲ್ಲಿ ಕಾರು ಮುಲುಗಿ ನಿಂತಿತು. ಒಳಗೆ ಸಾಲಾಗಿ ಹಳೇ ಕಾರುಗಳ ಹಿತ್ತಾಳೆ ದೀಪಗಳು ಹೊಳೆಯುತ್ತಿದ್ದವು. ಸಂಘದ ಕಾರ್ಯದರ್ಶಿ ಬಂದು, “ತಳ್ಳೋಣವಾ? ಬೇಲಿ ಹತ್ರ ನೆರಳೂ ಇದೆ,” ಎಂದು ಛೇಡಿಸಿದವನು ಅವಳನ್ನು ಕಂಡು ಕೈಮುಗಿದ. ಗಿರಣಿಯವನು ಹ್ಯಾಂಡಲ್ ತಿರುವಿ ತಿರುವಿ ಸುಸ್ತಾದ.

“ಅವರು ಜೆಟ್ ಬಿಚ್ಚಿ ಊದ್ತಿದ್ರು,” ಎಂದಳು.

ಪೆಟ್ರೋಲು ಹಾಯುವ ಆ ಸಣ್ಣ ಹಿತ್ತಾಳೆ ಚೂರನ್ನು ಅವನು ಬಿಚ್ಚಿದ. ಅವಳೇ ಇಸಿದುಕೊಂಡು ತುಟಿಗಿಟ್ಟು ಊದಿದಳು. ಸಿಕ್ಕಿದ್ದ ಕಸ ಹಾರಿತು. ಬಾಯೆಲ್ಲ ಪೆಟ್ರೋಲು. ಗಂಡನ ಮೀಸೆಗೆ ಇದೇ ವಾಸನೆ. ಈಗಲಾದರೂ ಅಳು ಬರಬಹುದೆಂದು ಕಾದಳು. ಬರಲಿಲ್ಲ. ಉಗಿದಳು.

ಕಾರು ಹೊರಟು ಸಾಲಿಗೆ ಸೇರಿತು. ಜನ ಕಾರಿನ ಮೂತಿ ನೋಡಿದರು, ಅವಳ ಮುಖ ನೋಡಿದರು, “ನಿಮ್ಮ ಯಜಮಾನ್ರು ಒಳ್ಳೇ ಮನುಷ್ಯ” ಎಂದರು. ಎಲ್ಲರಿಗೂ ಹೂಂಗುಟ್ಟಿದಳು. ಯಾರೋ ಪದೇ ಪದೇ ಹಾರ್ನ್ ಒತ್ತುತ್ತಿದ್ದರು.

ಸಂಜೆ ಗಿರಣಿಯವನು ಕಾರ್ಬ್ಯುರೇಟರನ್ನು ಬಟ್ಟೆಯಲ್ಲಿ ಸುತ್ತಿ ತಂದ.

“ತಗೊಳ್ಳಿ ಅತ್ತಿಗೆ. ಮುಂದಿನ ವರ್ಷ ಅಣ್ಣನ ಸರದಿ. ನನ್ನ ಹತ್ರ ಉಳಿದ್ರೆ ಋಣ ಆಗುತ್ತೆ.”

“ಆಗ್ಲಿ ಬಿಡಿ. ಏನನ್ನೂ ಇಸ್ಕೊಳ್ಳೋಕೆ ಕೈ ಬರ್ತಿಲ್ಲ ನನಗೆ.”

“ಎಲ್ಲಿವರೆಗೆ ಇಟ್ಕೊಳ್ಳಲಿ?”

“ಗೊತ್ತಿಲ್ಲಪ್ಪ.”

ಒಲೆ ಹಚ್ಚಲು ಒಳಗೆ ಹೋದಳು. ಅವನು ಹೊಸ್ತಿಲಾಚೆ ಕೈಚಾಚಿಕೊಂಡೇ ತುಸುಹೊತ್ತು ನಿಂತಿದ್ದು, ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಮನೆಯ ದಾರಿ ಹಿಡಿದ.