ಕೆಡದ ಎಣ್ಣೆ

"ಎಣ್ಣೆ ಕದ್ದು ಮಗೂಗೆ ಬಳಿದೋಳು ನಿಮ್ಮತ್ತೆ. ಈಗ ಮೈಯೆಲ್ಲ ಗುಳ್ಳೆ ಎದ್ರೆ ನನ್ನ ಬಾಗಿಲಿಗೆ ಬಂದು ಅಳ್ತೀಯೇನೇ ಕಳ್ಳಮುಂಡೆ?"

ಗುಜರಿ ಅಂಗಳದ ಮಾಲೀಕ ಕುರ್ಚಿಯಿಂದ ಏಳದೆಯೇ ಬೈದ. ತಪಾಸಣೆಗೆಂದು ಬಂದು ಅವನೆದುರು ಕೂತಿದ್ದ ಮಾಲಿನ್ಯ ಮಂಡಳಿಯ ಅಧಿಕಾರಿ ಬಾಟಲಿ ನೀರಿನ ಮುಚ್ಚಳ ತಿರುಗಿಸಿ ಒಂದು ಗುಟುಕು ಕುಡಿದರು. ನಾನು ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಬೆಳಗಿನಿಂದ ಹಾಲು ಕೊಡದೆ ಎದೆ ಕಲ್ಲಾಗಿತ್ತು.

ಕದ್ದದ್ದಂತೆ. ಹಳೆಯ ಟ್ರಾನ್ಸ್‌ಫಾರ್ಮರ್ ಒಡೆಯುವುದು ನಮ್ಮ ಮನೆಯವರೆಲ್ಲರ ಕೆಲಸ. ಒಳಗಿನ ತಾಮ್ರ ಮಾಲೀಕನಿಗೆ, ಎಣ್ಣೆ ನೆಲಕ್ಕೆ. "ಮಂಡಿನೋವಿಗೆ ಒಳ್ಳೇದು, ಕ್ಯಾನಲ್ಲಿ ತುಂಬ್ಕೊಂಡು ಹೋಗು" ಎಂದು ಅತ್ತೆಗೆ ಹೇಳಿದವನು ಇದೇ ಮಹಾನುಭಾವ. ಕೂಲಿ ಹೆಚ್ಚು ಮಾಡು ಅಂದಾಗಲೆಲ್ಲ ಎಣ್ಣೆ ಕೊಡುತ್ತಿದ್ದ. ಅತ್ತೆಗೆ ಆ ಎಣ್ಣೆಯೆಂದರೆ ಪ್ರಾಣ. ವರ್ಷಗಟ್ಟಲೆ ಇಟ್ಟರೂ ಕಮಟುವುದಿಲ್ಲ, ಕೆಡುವುದಿಲ್ಲ ಎಂದು ಅಕ್ಕಪಕ್ಕದವರಿಗೂ ಹಂಚಿದಳು. ಹೆರಿಗೆಯಾದ ಮೇಲೆ ನನ್ನ ಬೆನ್ನಿಗೆ ತಿಕ್ಕಿದಳು, ಮಗುವಿನ ನೆತ್ತಿಗೂ ಒತ್ತಿದಳು. ನಿನ್ನೆಯಿಂದ ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಾ ಕೂತಿದ್ದಾಳೆ.

ಮಗುವಿನ ಗುಳ್ಳೆ ನೋಡಿ ಆಸ್ಪತ್ರೆಯವರು ನನ್ನ ಹಾಲನ್ನು ಪರೀಕ್ಷೆಗೆ ಕಳಿಸಿದ್ದರು; ನಿನ್ನೆ ಅಲ್ಲಿಯ ನರ್ಸಕ್ಕ ಫಲಿತಾಂಶ ಹೇಳಿದ್ದಳು. "ಆ ಎಣ್ಣೇಲಿರೋ ವಿಷ ಕೆಡಲ್ಲ ಕಣಮ್ಮ, ಅದೇ ತೊಂದರೆ. ನೆಲಕ್ಕೆ ಸುರಿದ್ರೆ ಮಣ್ಣಲ್ಲಿ ಕೂರುತ್ತೆ. ಮಳೆ ಬಂದ್ರೆ ಬಾವಿ ಕಡೆ ಹರಿಯುತ್ತೆ. ಸುಟ್ರೆ ಹೊಗೇಲಿ ಹೋಗಿ ಇನ್ನೆಲ್ಲೋ ಬೀಳುತ್ತೆ. ಕೋಳಿ ಆ ಮಣ್ಣು ಕೆದಕುತ್ತೆ, ನೀನು ಅದರ ಮೊಟ್ಟೆ ತಿಂತೀಯ. ಕೊನೆಗೆ ನಿನ್ನ ಕೊಬ್ಬಲ್ಲಿ ಸೇರಿಕೊಂಡು ಹಾಲಿಗೆ ಇಳೀತಿದೆ. ಎದೆಹಾಲು ನಿಲ್ಸು."

ಪಾಪ, ತಾನೇ ಒಂದು ಡಬ್ಬಿ ಹಾಲಿನ ಪುಡಿಯನ್ನೂ ಕೊಟ್ಟಳು. ಕಲಸುವುದು ಯಾವ ನೀರಿನಲ್ಲಿ? ನಮಗಿರುವುದು ಅಂಗಳದ ಹಿಂದಿನ ಬಾವಿಯೊಂದೇ. ಸೇದಿದ ಕೊಡದ ಮೇಲೆ ಎಣ್ಣೆಯ ಬಣ್ಣ ತೇಲುತ್ತದೆ.

"ಸಾರ್, ಬಾವಿ ನೀರು ಕುಡಿಯೋಕಾಗಲ್ಲ ಅಂತ ಬರೀರಿ. ಒಂದು ಟ್ಯಾಂಕರ್ ಕಳ್ಸಿ. ಮಗೂಗೆ ಹಾಲು ಕಲಸೋಕೆ ನೀರಿಲ್ಲ" ಎಂದೆ.

"ನೋಡಮ್ಮ, ನೀರು ಪರೀಕ್ಷೆ ಆಗಿದೆ, ಮಿತಿಯೊಳಗೇ ಇದೆ. ಮಣ್ಣೂ ಅಷ್ಟೇ."

"ಹಂಗಾದ್ರೆ ನನ್ನ ಹಾಲಿಗೆ ಎಲ್ಲಿಂದ ಬಂತು?"

"ನಮ್ಮದು ಮಣ್ಣು, ನೀರು, ಗಾಳಿ. ಎದೆಹಾಲು ನಮ್ಮ ಇಲಾಖೆಗೆ ಬರಲ್ಲ."

ಮಾಲೀಕ ಕಿಸಕ್ಕನೆ ನಕ್ಕ. "ಬಂದಿದ್ರೆ ಸಾಹೇಬ್ರೇ ಚೆಂಬು ಹಿಡ್ಕೊಂಡು ಕರೀಬೇಕಿತ್ತು."

ಅಧಿಕಾರಿ ನಗು ತಡೆಯಲು ತಲೆ ತಗ್ಗಿಸಿದರು. ಮಗುವನ್ನು, ನನ್ನ ಜತೆ ಬಂದು ಹೊರಗೆ ನಿಂತಿದ್ದ ಅತ್ತೆಯ ಕೈಗೆ ಕೊಟ್ಟು ಒಳಗೆ ಬಂದೆ. ಮಾಲೀಕನ ಮುಂದಿದ್ದ ಖಾಲಿ ಟೀ ಲೋಟ ತೆಗೆದುಕೊಂಡು, ಅವರಿಗೆ ಬೆನ್ನು ಮಾಡಿ ನಿಂತು, ಬಟ್ಟೆ ಸರಿಸಿ ಹಿಂಡಿದೆ. ನೋವಿಗೆ ಕಣ್ಣು ಕತ್ತಲೆ ಬಂತು.

"ಮಾನ ಬಿಟ್ಟೇನೇ?" ಎಂದಳು ಅತ್ತೆ. ಹಾಗೆಂದವಳೇ ಒಳಗೆ ಬಂದು ನನಗೆ ಅಡ್ಡ ನಿಂತಳು.

ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟೆ. "ಮಣ್ಣೂ ಸರಿಯಾಗಿದೆ, ನೀರೂ ಸರಿಯಾಗಿದೆ ಅಂದ್ರಲ್ಲ. ಇದೂ ಅದ್ರಿಂದಾನೇ ಬಂದಿದ್ದು. ಕುಡೀರಿ."

ಮಾಲೀಕ ಕುರ್ಚಿ ಹಿಂದಕ್ಕೆಳೆದುಕೊಂಡ. ಅಧಿಕಾರಿ ಲೋಟಕ್ಕೆ ತಾಗದಂತೆ ತಮ್ಮ ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. ಅದನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಬಾಟಲಿ ಕಿತ್ತುಕೊಂಡೆ.

"ಏಯ್, ಇಡೇ ಅದನ್ನ" ಎಂದು ಮಾಲೀಕ ಗದರಿದ.

"ಇದು ನನ್ನ ಮಗೂಗೆ. ಅದು ನಿಮಗೆ."

ಅತ್ತೆಯಿಂದ ಮಗುವನ್ನು ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತು, ಜತೆಗೆ ತಂದಿದ್ದ ಡಬ್ಬಿಯ ಮುಚ್ಚಳದಲ್ಲೇ ಪುಡಿ ಕಲಸಿ ಚಮಚದಲ್ಲಿ ಕುಡಿಸಿದೆ. ನಾಳೆಯಿಂದ ಯಾರೂ ಕೆಲಸಕ್ಕೆ ಬರಕೂಡದು ಎಂದು ಮಾಲೀಕ ಒಳಗಿನಿಂದ ಕೂಗುತ್ತಿದ್ದ. ಬಾಟಲಿಯಲ್ಲಿ ಇನ್ನೊಂದು ಸಲಕ್ಕಾಗುವಷ್ಟು ನೀರು ಉಳಿದಿತ್ತು. ಮಗು ಚಮಚ ಬಿಟ್ಟು, ನಿದ್ದೆಗಣ್ಣಿನಲ್ಲಿ ನನ್ನ ಒದ್ದೆ ಎದೆಯ ಕಡೆ ಬಾಯಿ ತಿರುಗಿಸಿತು. ನಾನು ಕೈ ಅಡ್ಡ ಇಟ್ಟೆ.