ರಾಣಿ ಕೇಳಿದ ಜಾಗ

ಭಾಗೀರಥಿ ಸುರೇಬಾನದ ಗಂಡನ ಮನೆಯಿಂದ ದೇಗಾಂವದ ತವರಿಗೆ ಬಂದು ಮೂರು ದಿನವಾಗಿತ್ತು. ಎಡಗಣ್ಣಿನ ಕೆಳಗೆ ಬಾವು ಇಳಿದು, ಹಸಿರುಗಟ್ಟಿದ ಕಲೆ ಉಳಿದಿತ್ತು. ಆರು ವರ್ಷದ ಮಗಳು ರಾಣಿ ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ.

ಭಾಗೀರಥಿಯ ತಾಯಿ ಸಾವಿತ್ರೆವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಹಸಿರು ಖಣ ಜೋಡಿಸಿದಳು. ಮಗಳಿಗೆ ಉಡಿ ತುಂಬಿ, ಮಧ್ಯಾಹ್ನದ ಬಸ್ಸಿಗೆ ಗಂಡನ ಮನೆಗೆ ಕಳಿಸುವುದೆಂದು ಅವಳೇ ನಿಶ್ಚಯಿಸಿದ್ದಳು.

ನೆರೆಮನೆಯ ಮಂಜುಳಾ ಹೊಸ್ತಿಲಲ್ಲೇ ನಿಂತಳು. ಅವಳು ಊರಿನ ಅಂಗನವಾಡಿ ಕಾರ್ಯಕರ್ತೆ.

"ಚಿಗವ್ವಾ, ಆಕಿನ್ನ ಎಲ್ಲಿಗೆ ಕಳಸಾಕ ಹತ್ತೀರಿ?"

"ಆಕಿ ಮನಿಗೆ. ಗಂಡ ಹೆಂಡತಿ ಅಂದಮ್ಯಾಲ ಒಂದ ಮಾತು ಬರತೈತಿ, ಹೋಗತೈತಿ."

"ಬರೇ ಮಾತಿಗೆ ಕಣ್ಣ ಕೆಳಗ ಹಿಂಗ ಕಲೆ ಬೀಳೂದಿಲ್ರಿ."

ಸಾವಿತ್ರೆವ್ವ ಸೆಟೆದಳು. "ನೀ ನಾಕ ಅಕ್ಷರ ಕಲತಾಕಿ, ನಿನಗ ಬಾಯಿ ಐತಿ. ಓಣ್ಯಾಗ ಮಂದಿ ಕೇಳಿದ್ರ ನಾ ಏನ ಹೇಳಲಿ? ಹುಡುಗಿ ಸಾಲಿ ಕಾಗದಾನೂ ಎಲ್ಲಾ ಅಲ್ಲೇ ಅದಾವ."

"ವರ್ಗಾವಣೆ ಪತ್ರ ತಡಾ ಆದ್ರೂ ಸರಕಾರಿ ಸಾಲ್ಯಾಗ ಸೇರಿಸ್ಕೊಳ್ಳಾಕ ಬೇಕ್ರಿ. ನಾಳೆ ಮಾಸ್ತರ ಕಡೆ ನಾನ ಬರತೇನಿ. ಈಗ 181ಕ್ಕ ಫೋನ್ ಹಚ್ಚೋಣು. ಸಖಿ ಕೇಂದ್ರದಾಗ ದವಾಖಾನಿ, ವಕೀಲರು, ನಾಕ ದಿನಾ ಇರಾಕ ಜಾಗಾ, ಎಲ್ಲಾ ಪುಕ್ಕಟ ಮಾಡಿ ಕೊಡತಾರ."

"ಪೊಲೀಸರು ಅಳಿಯನ್ನ ಹಿಡಕೊಂಡ ಹೋದ್ರ?"

"ಏನ ಮಾಡಬೇಕಂತ ಸಖಿ ಕೇಂದ್ರದವರು ಭಾಗೀರಥಿನ್ನ ಕೇಳತಾರ್ರಿ. ನಾವು ಒಬ್ರೂ ಕೇಳಿಲ್ಲ ನೋಡ್ರಿ."

ಆಗ ರಾಣಿ ಅಜ್ಜಿಯ ಕೈ ಹಿಡಿದಳು. ದನಿ ಬಹಳ ಮೆಲ್ಲಗಿತ್ತು.

"ಆಯೀ, ಈ ಮನ್ಯಾಗ ಅಡಗಿಕೊಂಡ ಕುಂದ್ರೂ ಜಾಗಾ ಎಲ್ಲೈತಿ? ಅಲ್ಲಿ ನಾ ಜ್ವಾಳದ ಚೀಲದ ಹಿಂದ ಕುಂದ್ರತಿದ್ದೆ."

ಮಕ್ಕಳು ಆಡುವ ಜಾಗ ಕೇಳುವುದನ್ನು, ಮಲಗುವ ಜಾಗ ಕೇಳುವುದನ್ನು ಸಾವಿತ್ರೆವ್ವ ಬಲ್ಲಳು. ಇದನ್ನು ಕೇಳಿದ ಮಗುವನ್ನು ಕಂಡಿರಲಿಲ್ಲ. ಮೊರವನ್ನು ಬದಿಗೆ ಸರಿಸಿ, ಮೊಮ್ಮಗಳನ್ನು ತೊಡೆಗೆಳೆದುಕೊಂಡಳು.

"ಇಲ್ಲಿ ಅಡಗೂದು ಬ್ಯಾಡವ್ವಾ," ಎಂದಳು. ಬಳಿಕ ಮಗಳ ಕಡೆ ತಿರುಗಿದಳು. "ಭಾಗೀರಥಿ, ನಿನ್ನ ಮನಸಿನಾಗ ಏನೈತಿ?"

"ನಾ ಹೋಗೂದಿಲ್ಲವ್ವಾ."

"ಮಂಜುಳಾ, ಆ ನಂಬರ ಹಚ್ಚಿ ಆಕಿ ಕೈಯಾಗ ಕೊಡು. ಮಂದಿಗೆ ನಾ ಹೇಳತೇನಿ."

ಪೆಟ್ಟು ತಿಂದು, ಮಗುವಿನ ಕೈ ಹಿಡಿದು ಬಂದವಳು ನಾಳೆ ನಿಮ್ಮ ಬಾಗಿಲಲ್ಲೂ ನಿಂತಾಳು. ಮೊದಲು ಉಣ್ಣಲು ಕೊಡಿ. ಮರಳುವ ದಿನವನ್ನು ಕೇಳಬೇಡಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಪ್ರಾಣಕ್ಕೆ ಅಪಾಯವಿದ್ದಾಗ 112. ಈ ಮೂರನ್ನು ಇಂದೇ ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಅವಳು ಬಂದದ್ದು ನಿಮ್ಮನ್ನು ನಂಬಿ.