ಫಲಕದ ಹದಿನೇಳನೆಯ ಸಾಲು

ನಮ್ಮ ಶಾಲೆಗೆ ಐವತ್ತು ತುಂಬಿತು. ಊರಂಚಿನ ಬಡಾವಣೆಯ ಸರ್ಕಾರಿ ಪ್ರೌಢಶಾಲೆ. ಇಲ್ಲೇ ಓದಿ ಇಲ್ಲೇ ಇತಿಹಾಸದ ಮೇಷ್ಟ್ರಾದವನು ನಾನೊಬ್ಬನೇ ಆದ್ದರಿಂದ ಶಾಲೆಯ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ತಗಡಿನ ಸೂರಿನ ಎರಡು ಕೋಣೆಗಳಲ್ಲಿ ಶುರುವಾದದ್ದು, ಫುಟ್‌ಬಾಲ್ ಷೀಲ್ಡನ್ನು ಮೂರು ಸಲ ಗೆದ್ದದ್ದು, ಎಲ್ಲವನ್ನೂ ಸಲೀಸಾಗಿ ಬರೆದೆ. 'ಸಾಧಕರು' ಅಧ್ಯಾಯಕ್ಕೆ ಬಂದಾಗ ಪೆನ್ನು ನಿಂತಿತು.

ಹೆಡ್ಮಾಸ್ಟರ ಕೋಣೆಯ ಹೊರಗೆ ಒಂದು ಕಪ್ಪು ಫಲಕವಿದೆ. ಹತ್ತನೇ ತರಗತಿಯಲ್ಲಿ ಪ್ರತಿವರ್ಷ ಮೊದಲು ಬಂದವರ ಹೆಸರುಗಳು ಅದರ ಮೇಲೆ ಚಿನ್ನದ ಬಣ್ಣದಲ್ಲಿವೆ. ಹದಿನೇಳನೆಯ ಸಾಲಿನಲ್ಲಿರುವುದು ನನ್ನ ಹೆಸರು. ಇರಬೇಕಾದದ್ದು ನನ್ನದಲ್ಲ.

ಫಲಿತಾಂಶ ಬಂದ ವಾರದೊಳಗೆ ಹೆಸರು ಬರೆಸಿಬಿಡುವುದು ನಮ್ಮ ಶಾಲೆಯ ಹಠ. ಆ ವರ್ಷವೂ ಡ್ರಾಯಿಂಗ್ ಮೇಷ್ಟ್ರು ಏಣಿ ಹತ್ತಿ ನನ್ನ ಹೆಸರು ಬರೆದರು. ತಿಂಗಳು ಕಳೆದ ಮೇಲೆ ಮರುಎಣಿಕೆಯ ಪತ್ರ ಬಂತು. ನಮ್ಮ ಜವಾನರ ಮಗಳ ಗಣಿತದ ಉತ್ತರಪತ್ರಿಕೆಯಲ್ಲಿ ಒಂದು ಪುಟದ ಅಂಕ ಕೂಡಿಸಲು ಮರೆತಿದ್ದರಂತೆ. ಒಂಬತ್ತು ಅಂಕ ಏರಿ ಅವಳು ನನ್ನನ್ನು ದಾಟಿದ್ದಳು. ಆಗಿನ ಹೆಡ್ಮಾಸ್ಟರು ನನ್ನನ್ನು ಕರೆಸಿ ಪತ್ರ ತೋರಿಸಿದರು.

"ಬಣ್ಣ ಮುಗಿದುಹೋಗಿದೆ ಕಣೋ. ಮುಂದಿನ ವರ್ಷ ತಿದ್ದಿಸೋಣ. ನೀನೇ ಬಂದು ನೆನಪು ಮಾಡು."

ನಾನು ನೆನಪು ಮಾಡಲಿಲ್ಲ. ಅವರಿಗೆ ವರ್ಗವಾಯಿತು, ಪತ್ರ ಕಡತ ಸೇರಿತು. ಕೇಳುವ ಧೈರ್ಯ ಜವಾನರಿಗಿರಲಿಲ್ಲ. ನಿವೃತ್ತರಾಗುವವರೆಗೆ ಅವರು ಪ್ರತಿ ಶನಿವಾರ ಸ್ಟೂಲು ಹತ್ತಿ ಆ ಫಲಕ ಒರೆಸಿದರು.

ಆ ಮಗಳು ಈಗ ಶಾಲೆಯ ಗೇಟಿನೆದುರು ಟೈಲರ್. ಸಮವಸ್ತ್ರವೆಲ್ಲ ಅವಳದೇ ಹೊಲಿಗೆ. ಮಕ್ಕಳ ಬಾಯಲ್ಲಿ ಅವಳು ಗುಂಡಿ ಅಕ್ಕ. ಅವಳ ಮಗಳು ನನ್ನ ತರಗತಿಯಲ್ಲೇ ಓದುತ್ತಾಳೆ. ಹೋದ ವರ್ಷ ಆ ಹುಡುಗಿ ಫಲಕದ ಕೆಳಗೆ ನನ್ನನ್ನು ನಿಲ್ಲಿಸಿಕೊಂಡು ಕೇಳಿದಳು.

"ಸರ್, ನಿಮ್ಮ ಬ್ಯಾಚಲ್ಲಿ ಫಸ್ಟ್ ಬಂದಿದ್ದು ತಾನೇ ಅಂತಾಳೆ ಅಮ್ಮ. ಇಲ್ಲಿ ನೋಡಿದ್ರೆ ನಿಮ್ಮ ಹೆಸರಿದೆ. ಅಮ್ಮ ಸುಳ್ಳು ಹೇಳ್ತಾಳೆ ಅಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನ್ನ ಸ್ಥಿತಿ. "ಅಮ್ಮಂದಿರು ಹಾಗೇ ಹೇಳ್ತಾರಮ್ಮ. ನೀನು ಓದ್ಕೋ ಹೋಗು" ಎಂದೆ. ಅಂದಿನಿಂದ ಗುಂಡಿ ಅಕ್ಕ ಏನೇ ಬುದ್ಧಿ ಹೇಳಿದರೂ ಹುಡುಗಿ "ಹೌದೌದು, ನೀನೇ ಫಸ್ಟು" ಎಂದು ನಗುವುದನ್ನು ರಸ್ತೆಯಲ್ಲಿ ನಿಂತು ನಾನೇ ಕೇಳಿದ್ದೇನೆ. ನಾಚಿಕೆಯಿಂದ ಕುಗ್ಗಿಹೋದೆ. ಬಾಯಿ ಮಾತ್ರ ಬಿಡಲಿಲ್ಲ.

ಚರಿತ್ರೆಗಾಗಿ ಕಡತ ಕೆದಕಿದಾಗ ಆ ಪತ್ರ ಕೈಗೆ ಸಿಕ್ಕಿತು. ಹರಿದು ಹಾಕುವ ಯೋಚನೆ ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಸತ್ತ ರಾಜರ ತಪ್ಪುಗಳನ್ನೆಲ್ಲ ಮಕ್ಕಳಿಂದ ಪಟ್ಟಿ ಮಾಡಿಸುವವನು ನಾನು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಓಡಿಸುವ ಜಾತಿ. ಆ ಸಂಜೆ ಅಧ್ಯಾಯದಲ್ಲಿ ನನ್ನ ಹೆಸರು ಹೊಡೆದುಹಾಕಿ ಅವಳದನ್ನು ಬರೆದು, ಪತ್ರವನ್ನು ಜೇಬಿಗಿಟ್ಟುಕೊಂಡು ರಸ್ತೆ ದಾಟಿದೆ.

ಸಮಾರಂಭಕ್ಕೆಂದು ಹೊಲಿಯಲು ಕೊಟ್ಟಿದ್ದ ನನ್ನ ಕೋಟು ಹ್ಯಾಂಗರಿನಲ್ಲಿತ್ತು. ಹುಡುಗಿ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಗುಂಡಿ ಅಕ್ಕ ಕೋಟು ತೊಡಿಸಿ, "ಕೈ ಅಗಲಿಸಿ ನಿಂತ್ಕೊಳ್ಳಿ ಸರ್" ಎಂದು ಹೆಗಲಿನ ಹತ್ತಿರ ಪಿನ್ನು ಚುಚ್ಚತೊಡಗಿದಳು. ಒಂದೇ ತರಗತಿಯಲ್ಲಿ ಓದಿದವಳು, ಮಗಳ ಮೇಷ್ಟ್ರೆಂದು ಈಗ ಸರ್ ಎನ್ನುತ್ತಾಳೆ. ನಾನು ಪತ್ರ ಚಾಚಿದೆ.

ಅವಳು ಮೊದಲ ಸಾಲು ಓದಿ ನಿಲ್ಲಿಸಿದಳು.

"ಇದು ನಂಗೆ ಗೊತ್ತಿರೋದೇ. ಅವಳಿಗೆ ಓದಿ ಹೇಳಿ."

ಓದಿದೆ. ತಾರೀಕು, ನೋಂದಣಿ ಸಂಖ್ಯೆ, ಒಂಬತ್ತು ಅಂಕ. ಫಲಕವನ್ನೂ ತಿದ್ದಿಸುತ್ತೇನೆ, ತಪ್ಪಾಯಿತು ಎಂದೆ. ಹುಡುಗಿಯ ಸೂಜಿ ನಿಂತಿತು. ಅಮ್ಮನ ಮುಖ ನೋಡಲಾರದೆ ಅವಳು ನನ್ನನ್ನು ನೋಡಿದಳು.

"ಸರ್, ಹೋದ ವರ್ಷ ನಾನು ಕೇಳಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಲುಗಾಡಬೇಡಿ ಸರ್, ಪಿನ್ನು ಚುಚ್ಚುತ್ತೆ" ಎಂದಳು ಗುಂಡಿ ಅಕ್ಕ. ಚುಚ್ಚಿದ್ದ ಪಿನ್ನನ್ನೇ ಕಿತ್ತು ಮತ್ತೆ ಅಲ್ಲೇ ಚುಚ್ಚಿದಳು. ಹುಡುಗಿ ಎದ್ದು ಬಂದು ಅಮ್ಮನ ಕೈಯಿಂದ ಪಿನ್ನಿನ ಡಬ್ಬಿ ತೆಗೆದುಕೊಂಡು ಅವಳಿಗೆ ಒತ್ತಿಕೊಂಡು ನಿಂತಳು. ನನ್ನ ಅಳತೆಗೆ ಸರಿಯಾಗಿ ಹೊಲಿದ ಕೋಟು ತೊಟ್ಟು, ಕೈ ಅಗಲಿಸಿಕೊಂಡು, ಅವರಿಬ್ಬರ ಮುಂದೆ ತಲೆ ತಗ್ಗಿಸಿ ನಾನು ನಿಂತೇ ಇದ್ದೆ.